ಹಿಮಗ್ರಹದಲ್ಲಿ ಸೇತುವೆ

ಜುಲೈ ೬, ಭಾನುವಾರ, ಬೆಳಿಗ್ಗೆ

ಬರೆಯಬೇಕಂತೆ! ಎಪ್ಪತ್ತೆಂಟು ವರ್ಷದವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ಮಗಳು ಲೆಸಿಯಾ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಬೀಟ್ ಗೆಡ್ಡೆಯ ಹೊಲಕ್ಕೆ ಹೋದದ್ದು ಇಂಥ ಕೆಲಸ ತಪ್ಪಿಸಿಕೊಳ್ಳಲಿಕ್ಕೇ. ಆದದ್ದಿಷ್ಟು — ಹೋದ ತಿಂಗಳು ಸಿನಿಮಾ ಮುಗಿಸಿ ನನ್ನ ಪಿಕಪ್ ಟ್ರಕ್ಕಿನಲ್ಲಿ ಬರುವಾಗ ಮಂಜು. ದಾರಿ ತಪ್ಪಿತು. ಯಾವುದೋ ಊರು ಸೇರಿ ಲೆಸಿಯಾಗೆ ಫೋನು ಮಾಡಿದೆ. ಅಷ್ಟೇ. ಅವಳಿಗೆ ಅಷ್ಟೇ ಅಲ್ಲ.

"ಪ್ರತಿ ಸಿನಿಮಾ ನೋಡಿದ್ಮೇಲೆ ಬರ್ದಿಡಪ್ಪ. ನೆನಪು ಹೆಂಗಿದೆ ಅಂತ ಸೆಪ್ಟೆಂಬರಲ್ಲಿ ಡಾಕ್ಟರ್ ಕೇಳ್ತಾರೆ."

ಬರೆಯುತ್ತೇನೆ. ತೋರಿಸುವುದಿಲ್ಲ.

ನಿನ್ನೆಯದು ಹೊಡೆದಾಟದ ಸಿನಿಮಾ. ಒಬ್ಬನೇ ನಾಯಕ, ಎದುರಿಗೆ ಇಡೀ ಪಡೆ. ಗುಂಡು ಮುಗಿಯುವುದಿಲ್ಲ, ಬೆವರು ಬರುವುದಿಲ್ಲ. ಎರಡೂವರೆ ಗಂಟೆ ಓಡಿದವನು ಒಂದು ಗುಟುಕು ನೀರು ಕುಡಿಯಲಿಲ್ಲ. ಊರಿಗೆ ಊರೇ ಉರುಳಿಸಿದ. ಗುಡಿಸುವವರು ಯಾರು? ಅದನ್ನು ಸಿನಿಮಾ ಮಾಡಿ, ನೋಡುತ್ತೇನೆ. ಅರ್ಧ ಕತ್ತಲೆ ಬೇರೆ... ಯಾರು ಹೊಡೆದರೆಂದು ಹೊಡೆಸಿಕೊಂಡವನಿಗೂ ಗೊತ್ತಾಗಿರಲಿಕ್ಕಿಲ್ಲ.

ಜುಲೈ ೧೩, ಭಾನುವಾರ

ಕೊನೆಗೂ ಒಂದು ಸಿನಿಮಾ!

ಎಂದಿನಂತೆ, ಗಾಡಿಯಲ್ಲೇ ಕೂತು ನೋಡುವ ಬಯಲು ಥಿಯೇಟರಿನಲ್ಲಿ ಗೆಳೆಯ ವಾಸಿಲ್‌ನ ಟ್ರಕ್ಕು, ಪಕ್ಕಕ್ಕೆ ನನ್ನದು. ಒಂದೇ ಗಾಡಿಯಲ್ಲಿ ಕೂತರೆ ಅವನು ಸೂರ್ಯಕಾಂತಿ ಬೀಜದ ಸಿಪ್ಪೆ ನನ್ನ ಮೇಲೇ ಉಗುಳುತ್ತಾನೆ. ಸೊಳ್ಳೆಗೆ ಗಾಜು ಏರಿಸಿ, ರೇಡಿಯೋದ ಮೊದಲನೇ ಗುಂಡಿ ಒತ್ತಿದೆ. ಸಿನಿಮಾದ ಮಾತು ಬರುವುದು ಅದರಲ್ಲೇ, ಮೂವತ್ತು ವರ್ಷದಿಂದ. ಬಯಲಿನ ಆ ತುದಿಗೆ ಎರಡನೇ ಪರದೆ ಎಬ್ಬಿಸಿದ್ದಾರೆ, ಶುಕ್ರವಾರ ಶುರುವಾಯಿತು. ಅಲ್ಲಿ ಕಾರು ಹಾರಿಸುವ ಸಿನಿಮಾ. ನಮಗೆ ಬೇಡ.

ನಮ್ಮದು ಹಿಮಗ್ರಹ. ಒಂಟಿ ಹೆಣ್ಣು ರೋಬೋ. ಈಚಿನ ಆಕಾಶದ ಸಿನಿಮಾಗಳಲ್ಲಿ ಎಲ್ಲರೂ ಪಿಸುಗುಡುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಸತ್ತ ಹೆಂಡತಿಯನ್ನು ನೆನೆಯುತ್ತಾರೆ. ಇವಳು ಹಾಗಲ್ಲ. ಬೈಯುತ್ತಾಳೆ! ಹಿಮದ ಮೇಲೆ ಹೆಜ್ಜೆ ಇಟ್ಟರೆ ಟೈರು ಕಿರುಚುವ ಸದ್ದು. ಎಂಥ ತಲೆ ಆ ನಿರ್ದೇಶಕನದು! ಏನೂ ಇಲ್ಲದ ಬಯಲಲ್ಲಿ ನಿಂತು ಹೇಳುತ್ತಾಳೆ: "ಎಡಕ್ಕೆ ತಿರುಗ್ಸು, ಸೇತುವೆ ಬಂತು. ಹೆದ್ರಿದ್ರೆ ಇಬ್ರೂ ಹೋಗ್ತೀವಿ." ಮೈ ಜುಮ್ಮೆಂದಿತು. ಸೇತುವೆ ಎಲ್ಲಿದೆ? ಅವಳ ನೆನಪಿನಲ್ಲಿ! ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಜುಲೈ ೧೪

ಕಾಫಿ ಅಂಗಡಿಯಲ್ಲಿ ಜಗಳ.

"ನಿಂಗೇನಾಗಿದೆಯೋ ನೆಸ್ಟರ್?" ಎಂದ ವಾಸಿಲ್. "ಆ ರೋಬೋಗೆ ಬಾಯೇ ಇಲ್ಲ. ಗಾಳಿ ಸದ್ದು ಬಿಟ್ರೆ ಇನ್ನೇನಿತ್ತು? ನಾನು ಅರ್ಧ ನಿದ್ದೆ ಹೊಡ್ದೆ."

"ನಿದ್ದೆ ಹೊಡ್ದವನು ಬಾಯಿ ಮುಚ್ಕೊಂಡಿರು."

"ಸೇತುವೆ ಅಂತೆ! ಹಿಮಗ್ರಹಕ್ಕೆ ಸೇತುವೆ ಕಟ್ಟೋಕೆ ನಮ್ಮೂರ ಕೌನ್ಸಿಲ್‌ನವ್ರು ಹೋಗಿದ್ರೇನೋ?"

ಅಂಗಡಿಯೆಲ್ಲ ನಕ್ಕಿತು. ಮೇಜು ಗುದ್ದಿದೆ, ಕಾಫಿ ಚೆಲ್ಲಿತು, ಎದ್ದು ಬಂದೆ. ಬಾಗಿಲಲ್ಲಿ ತಿರುಗಿದಾಗ ವಾಸಿಲ್ ನಗುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಕನಿಕರ. ನಕ್ಕಿದ್ದರೇ ವಾಸಿಯಿತ್ತು.

ಜುಲೈ ೧೬

ವಾಸಿಲ್ ಹೋಗಿ ಲೆಸಿಯಾ ಹತ್ತಿರ ಹೇಳಿದ್ದಾನೆ. ಅವಳು ಬಂದು ಮೊಳೆಗೆ ತೂಗುಹಾಕಿದ್ದ ಟ್ರಕ್ಕಿನ ಕೀ ತೆಗೆದುಕೊಂಡಳು.

"ಡಾಕ್ಟರ್ ನೋಡೋವರ್ಗೂ ಅಪ್ಪ. ಇಲ್ಲದ ಮಾತು ಕೇಳಿಸ್ಕೊಳ್ಳೋವ್ರು ಹೈವೇಲಿ ಗಾಡಿ ಓಡ್ಸಬಾರ್ದು."

"ನಿಂಗೆ ಗಾಡಿ ಕಲಿಸಿದ್ದು ಯಾರು?"

"ನೀನೇ. ಅದಕ್ಕೇ ಭಯ."

ಬಾಗಿಲು ಹಾಕಿಕೊಂಡೆ. ಜೋರಾಗಿ.

ಆಗಸ್ಟ್ ೧೦

ಸಿನಿಮಾ ಇಲ್ಲ. ಲೆಸಿಯಾ ಟಿವಿಯಲ್ಲಿ ಒಂದು ಹಾಕಿಕೊಟ್ಟಳು. ಕಾಲ ಹಿಂದಕ್ಕೆ ಹೋಗುತ್ತದೆ, ಸತ್ತವನು ಬರುತ್ತಾನೆ, ಮತ್ತೆ ಸಾಯುತ್ತಾನೆ. ಸತ್ತವನು ಸತ್ತೇ ಇರಬೇಕು, ಇಲ್ಲದಿದ್ದರೆ ನಾನೇಕೆ ಅಳಲಿ? ನಡುವೆ ಎದ್ದು ಅಂಗಳದಲ್ಲಿ ಟ್ರಕ್ಕಿನ ಸುತ್ತ ತಿರುಗಿದೆ. ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು. ಎಲ್ಲಿಗೆ?

ಆ ರೋಬೋ ಮಾತಾಡಿದಳೇ? ಮಾತು ನೆನಪಿದೆ, ಒಂದೊಂದೂ. ತುಟಿ ನೆನಪಾಗುತ್ತಿಲ್ಲ. ತುಟಿ ಇತ್ತೇ?... ಹಿಮದಲ್ಲಿ ಟೈರು ಏಕೆ ಕಿರುಚುತ್ತದೆ?

ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಆಗಸ್ಟ್ ೨೪, ಭಾನುವಾರ

ನಿನ್ನೆ ಲೆಸಿಯಾ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಎರಡನೇ ಪರದೆ. ಬೇಸಿಗೆಯೆಲ್ಲ ಓಡಿದ ಆ ಕಾರು ಹಾರಿಸುವ ಸಿನಿಮಾ. ಸುಮ್ಮನೆ ಕೂತಿದ್ದೆ. ಲಾರಿ ಓಡಿಸುವ ಒಬ್ಬಳು ಹೆಂಗಸು ಬಾಯಿ ತೆರೆದಳು, ಬೈದಳು. ನನ್ನ ಬೆನ್ನು ನೆಟ್ಟಗಾಯಿತು. ಈ ದನಿ... ಪರದೆಯ ಮೇಲೆ ನದಿ. ಅವಳು ಹೇಳುವ ಮೊದಲೇ ನಾನು ಹೇಳಿದೆ: "ಎಡಕ್ಕೆ ತಿರುಗ್ಸು, ಸೇತುವೆ ಬಂತು."

ಅವಳೂ ಹೇಳಿದಳು. ಅಕ್ಷರವೂ ಆಚೀಚೆ ಇಲ್ಲ.

ಲೆಸಿಯಾ ನನ್ನ ಕಡೆ ತಿರುಗಿದಳು. "ಅಪ್ಪ, ಇದನ್ನ ಯಾವಾಗ ನೋಡ್ದೆ?"

"ನೋಡಿಲ್ಲ. ಕೇಳಿದೀನಿ." ಮುಂದಿನದೂ ಹೇಳಿದೆ, ಅದರ ಮುಂದಿನದೂ. ಪಕ್ಕದ ಕಾರಿನವರು ಹಾರ್ನ್ ಹೊಡೆದರು.

ಆಟ ಮುಗಿದ ಮೇಲೆ ಕೇಳಿದರೆ ಟಿಕೆಟ್ಟಿನ ಹುಡುಗಿ ನಕ್ಕಳು. "ಹಳೇ ರೇಡಿಯೋ ನಂಬರು ಹೊಸ ಪರದೆಗೆ ಕೊಟ್ಬಿಟ್ವಿ ತಾತ. ಗೇಟಲ್ಲಿ ಬೋರ್ಡಿದ್ಯಲ್ಲ? ಆ ಮೊದಲ ವಾರ ಎಷ್ಟೋ ಜನ ಹಿಂಗೇ ಮಾಡಿದ್ರು."

ಬೋರ್ಡು ನಾನು ಓದುವುದಿಲ್ಲ. ಮೊದಲನೇ ಗುಂಡಿ ಒತ್ತಿದ್ದೆ.

ವಾಸಿಲ್‌ಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡ. ಆಮೇಲೆ, "ಅಯ್ಯೋ ಪಾಪಿ, ಆ ದರಿದ್ರ ಸಿನಿಮಾ ನಿನಗೊಬ್ಬನಿಗೇ ಚೆನ್ನಾಗಿತ್ತು ಅನ್ನು!"

ಆಗಸ್ಟ್ ೨೬, ಮಂಗಳವಾರ, ಸಂಜೆ

ಕೀ ಕೇಳಿದೆ. ಲೆಸಿಯಾ ಕೊಡಲಿಲ್ಲ.

"ರೇಡಿಯೋ ಸರಿ ಅಪ್ಪ. ಆ ಮಂಜಿನ ದಿನ? ಅದು ಯಾವ ಗುಂಡಿ?"

ಮಂಜೇ ಇರಬಹುದು. ಇರದಿರಬಹುದು. ಅದನ್ನು ಡಾಕ್ಟರ್ ಹತ್ತಿರ ನಾನೇ ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ. ಅವನು ಬೇಡ ಎಂದರೆ ಆ ದಿನವೇ ಟ್ರಕ್ಕು ಮಾರುತ್ತೇನೆ. ಆದರೆ ಬಯಲು ಥಿಯೇಟರಿನ ಕೊನೆಯ ಆಟ ಈ ಶನಿವಾರ, ಆಮೇಲೆ ಇಡೀ ಚಳಿಗಾಲ ಮುಚ್ಚಿರುತ್ತದೆ. ನನ್ನ ಗಾಡಿಯಲ್ಲಿ, ನನ್ನ ಸೀಟಿನಲ್ಲಿ ಕೂತು ನೋಡಬೇಕು. ಓಡಿಸುವುದು ನೀನೇ ಓಡಿಸು, ಲೆಸಿಯಾ. ಪಕ್ಕದಲ್ಲಿ ಕೂತು ತಪ್ಪು ಹುಡುಕುವುದಿಲ್ಲ. ಪ್ರಯತ್ನ ಮಾಡುತ್ತೇನೆ.

ಲೆಸಿಯಾ, ತೋರಿಸುವುದಿಲ್ಲ ಎಂದಿದ್ದೆ. ಈ ಹಾಳೆ ಹರಿದು ನಿನ್ನ ಬಾಗಿಲಿಗೆ ಸಿಕ್ಕಿಸುತ್ತೇನೆ. ನೋಡೋಣ, ಆಮೇಲೆ, ಅಂತೆಲ್ಲ ಬೇಡ. ಹೌದು, ಇಲ್ಲ — ಎರಡರಲ್ಲೊಂದು. ಶುಕ್ರವಾರ, ಆಗಸ್ಟ್ ೨೯ರೊಳಗೆ ಹೇಳು.