ತುಂಬಿದ ಬಟ್ಟಲು

ಅಕ್ಟೋಬರ್ 3

ಎರಡೂ ಬಾವುಟಗಳಿಗೆ ಇಸ್ತ್ರಿ ಆಯಿತು. ಯಾವುದು ಎಡಕ್ಕೆ, ಯಾವುದು ಬಲಕ್ಕೆ—ಮತ್ತೆ ಕೇಳಿದೆ. ಪ್ರೋಟೋಕಾಲ್ ಮುಖ್ಯಸ್ಥ ಕುಬಾನ್ ನಕ್ಕ. ನನ್ನನ್ನು ಎಲ್ಲರೂ ಎಜೆ, ಅಂದರೆ ಅಕ್ಕ, ಅಂತಲೇ ಕರೆಯುವುದು. "ಉಲ್ಕಾನ್ ಎಜೆ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ರೂ ಪರೀಕ್ಷೆ ಭಯ ಮಾತ್ರ ಬಿಟ್ಟಿಲ್ಲ ನೋಡಿ ನಿಮಗೆ."

ಬಿಡುವುದೂ ಇಲ್ಲ. ನಾಡಿದ್ದು ನಮ್ಮ ವಿದೇಶಾಂಗ ಸಚಿವರನ್ನು ನೋಡಲು ಬರುವವರು ನದಿಯಾಚೆಯ ದೇಶದ ರಾಯಭಾರಿ. ಮಾತು ಗಡಿ ಗೇಟಿನದು. ವಸಂತದಿಂದ ಮುಚ್ಚಿದೆ. ನನ್ನ ಮಗಳು ಬೆಗಿಮಾಯ್ ಆಚೆ, ಗಂಡನ ಮನೆಯಲ್ಲಿ, ತುಂಬು ಬಸುರಿ. ಚೊಚ್ಚಲು. ನಾನು ಈಚೆ, ಕುರ್ಚಿ ಜೋಡಿಸುತ್ತ…

ಅಕ್ಟೋಬರ್ 5, ಮಧ್ಯಾಹ್ನ

ಬಟ್ಟಲು ತೊಳೆದಿಟ್ಟು ಬಂದು ಕೂತೆ. ಬರೆದೇ ಏಳುತ್ತೇನೆ.

ಚಹಾ ಹಾಕುವಾಗಲೇ ರಾಯಭಾರಿ ಗೇಟಿನ ಮಾತೆತ್ತಿದರು. ನನ್ನ ಕಿವಿ ಅಲ್ಲಿ, ಕೆಟಲ್ ಇಲ್ಲಿ. ನೋಡಿದರೆ ಅವರ ಬಟ್ಟಲು ಅಂಚಿನವರೆಗೆ ತುಂಬಿದೆ. ನಮ್ಮಲ್ಲಿ ಅರ್ಧ ಹಾಕಿದರೆ ಕೂತಿರಿ ಅಂತ. ತುಂಬಿಸಿದರೆ ಕುಡಿದು ಹೊರಡಿ ಅಂತ. ಆಚೆಯವರಿಗೂ ಇದೇ ಪದ್ಧತಿ.

ರಾಯಭಾರಿ ಬಟ್ಟಲು ನೋಡಿದರು. "ಸಚಿವರು ನನ್ನ ಎಬ್ಬಿಸ್ತಿದಾರೋ ಹೇಗೆ?" ಅಂದರು. ನಗಲಿಲ್ಲ. ಕುಬಾನ್ ಮುಖ ಸುಣ್ಣ.

ಸಚಿವರು ಕೈ ಚಾಚಿ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. ಸುಡುಸುಡು ಚಹಾ, ಅಷ್ಟೂ ಕುಡಿದರು. ಕಣ್ಣಲ್ಲಿ ನೀರು. "ಇದು ನಂದು. ಎಜೆ, ಅತಿಥಿಗಳಿಗೆ ಹಾಕಿ."

"ಹಾಗಾದ್ರೆ ಹೊರಡ್ಬೇಕಾದವ್ರು ನೀವೇ ಆಯ್ತಲ್ಲ," ಅಂದರು ರಾಯಭಾರಿ.

"ಹೊರಡ್ತೀನಿ. ಗೇಟಿನವರೆಗೆ. ನೀವೂ ಬರ್ತೀರಾ?"

ಆಗ ರಾಯಭಾರಿ ನಕ್ಕರು. ಅರ್ಧ ಹಾಕಿದೆ. ಖಾಲಿ ಮಾಡಿ ಮುಂದೆ ಚಾಚಿದರು. ಮತ್ತೆ ಅರ್ಧ. ಚಹಾ ನೀರಿನ ಸಮೋವರ್ ಆರಿತು; ಮತ್ತೆ ಕಾಯಿಸಿದೆ. ಎರಡು ದೇಶಗಳು ಒಂದು ಬಟ್ಟಲಿನ ಅಂಚಿನ ಮೇಲೆ ನಿಂತು ಇಳಿದದ್ದನ್ನು ಕಣ್ಣಾರೆ ಕಂಡೆ. ನಾನು, ಉಲ್ಕಾನ್.

ಅಕ್ಟೋಬರ್ 6

ಕುಬಾನ್ ಬೈಯಲಿಲ್ಲ. ಅದೇ ಹೆಚ್ಚು ಭಯ.

ಅಕ್ಟೋಬರ್ 14, ಗಡಿ

ಇವತ್ತಿನ ಭೇಟಿ ಸೇತುವೆಯ ಮೇಲೆ. ಮೇಜು ಹಾಕಿದ್ದು ನಾನೇ. ಕುಬಾನ್ ಕಿವಿಯಲ್ಲಿ ಉಸುರಿದ: "ಎಜೆ, ಇವತ್ತು ಕೆಟಲ್ ನಾನು ಹಿಡೀತೀನಿ. ನೀವು ಗೇಟು ನೋಡ್ತಾ ನಿಂತ್ಕೊಳ್ಳಿ, ಸಾಕು."

ನಿಂತಲ್ಲೇ ಬರೆಯುತ್ತಿದ್ದೇನೆ. ಸಚಿವರೂ ರಾಯಭಾರಿಯೂ ಗೇಟು ತೆರೆಯುವ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ. ಗಾಳಿ. ಬಾವುಟ ಸರಿ ಇವೆಯೇ—ನೋಡಲಾರೆ. ಆಚೆ ಬೇಲಿಯ ಹಿಂದೆ ಜನ. ನೀಲಿ ಶಾಲು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ ಒಬ್ಬಳು. ನನ್ನ ಬೆಗಿಮಾಯ್. ಮಗು ಇನ್ನೂ ಹೊಟ್ಟೆಯಲ್ಲೇ… ಗೇಟಿನ ಸರಪಳಿ ಬಿಚ್ಚುತ್ತಿದ್ದಾರೆ, ನಾನು ಹೊರಟೆ—