ಹಳೆಯ ನಾಡಿ

ಜುಲೈ 1, ಮಂಗಳವಾರ

ಮತ್ತೆ ಅದೇ ಕಾಟ. ಪರೀಕ್ಷೆಯ ಪೆಟ್ಟಿಗೆಯಿಂದ ನಾಡಿ 140 ಕಳಿಸಿದರೆ ಹೃದಯದ ಮಾನಿಟರ್ 72 ತೋರಿಸುತ್ತದೆ. ಹಿಂದಿನ ಸಲದ್ದು. ಹಳಸಿದ ಸಾರು ಬಿಸಿ ಮಾಡಿ ಬಡಿಸಿದ ಹಾಗೆ. ಸ್ವಲ್ಪ ಹೊತ್ತು ಹಾಗೇ ಇದ್ದು ತಾನೇ ಸರಿಹೋಗುತ್ತದೆ. ಮೊದಲು ಕಂಡುಹಿಡಿದವಳು ಸುರಾಯಾ. ಟೆಸ್ಟಿಂಗ್ ಅವಳದು, ಸೆನ್ಸರಿನ ಅಂಕಿ ಓದುವ ಕೋಡ್, ಅಂದರೆ ಕರ್ನಲ್ ಡ್ರೈವರ್, ನನ್ನದು.

ಖೂ ಬೂನ್ ಕಿಯಾಟ್ ಬಂದ. ನಮ್ಮ ಮುಖ್ಯ ಆರ್ಕಿಟೆಕ್ಟ್. ಸೊಂಟದ ಮೇಲೆ ಕೈಯಿಟ್ಟು ತಂತಿ ನೋಡಿದ.

"ಕನೆಕ್ಟರ್ ಲೂಸು."

ಜಗತ್ತಿನ ಸಕಲ ಕಾಯಿಲೆಗೂ ಅವನ ಹತ್ತಿರ ಒಂದೇ ಔಷಧ. ಅವನ ತಲೆಯೊಳಗಿನ ಕನೆಕ್ಟರನ್ನು ಮಾತ್ರ ಯಾರೂ ಎಳೆದು ನೋಡಿಲ್ಲ.

ಜುಲೈ 3, ಗುರುವಾರ. ಮಧ್ಯಾಹ್ನ

ಸಿಕ್ಕಿತು!

ಸೆನ್ಸರ್ ಪ್ರೊಸೆಸರನ್ನು ಕೇಳದೆ ನೇರ ಮೆಮೊರಿಗೆ ಬರೆಯುತ್ತದೆ. ಪ್ರೊಸೆಸರ್ ಮೆಮೊರಿಯನ್ನು ಸಾಲು ಸಾಲಾಗಿ ಎತ್ತಿ ಕ್ಯಾಶ್ ಎಂಬ ತನ್ನ ಒಳಗಿನ ಪುಟ್ಟ ಮೆಮೊರಿಯಲ್ಲಿ ನಕಲು ಇಟ್ಟುಕೊಳ್ಳುತ್ತದೆ. ಹಳೆಯ ಚಿಪ್‌ನಲ್ಲಿ ಒಂದು ಸಾಲಿಗೆ 32 ಬೈಟ್. ಹೊಸ ಅಗ್ಗದ ಚಿಪ್‌ನಲ್ಲಿ 64. ಕೋಡ್‌ನಲ್ಲಿ 32 ಎಂದು ಕೈಯಾರೆ ಬರೆದು ಕೂರಿಸಿದ ಮಹಾನುಭಾವ ಖೂ. ಹೊಸ ಚಿಪ್ ಆರಿಸಿದವನೂ ಅವನೇ. ಅಳತೆ ಬದಲಾದದ್ದು ನೋಡಲಿಲ್ಲ. ಈಗ ಸೆನ್ಸರ್ ನಾಡಿ ಬರೆಯುವ ಜಾಗ, ಅಂದರೆ ಬಫರೂ, ಪ್ರೊಸೆಸರ್ ತಿದ್ದುವ ನಮ್ಮ ಎಣಿಕೆಯ ಅಂಕಿಯೂ ಒಂದೇ ಸಾಲಿನಲ್ಲಿ.

ಅವನ ಕೋಣೆಗೆ ಹೋಗಿ ಬಿಡಿಸಿ ಹೇಳಿದೆ. ಮಗುವಿಗೆ ಹೇಳುವ ಹಾಗೆ.

"ಗೋಡೆ ಮೇಲಿನ ಬೋರ್ಡಿನ ಫೋಟೋ ತಗೊಂಡು ಮನೆಗೆ ಹೋಗ್ತೀರಿ. ಅದರ ಒಂದು ಮೂಲೇಲಿ ನಿಮ್ಮ ಲೆಕ್ಕ ತಿದ್ತೀರಿ. ಅಷ್ಟರಲ್ಲಿ ಇಲ್ಲಿ ಇನ್ನೊಬ್ಬ ಬೋರ್ಡಿನ ಮೇಲೆ ಹೊಸ ನಾಡಿ ಬರೀತಾನೆ. ನೀವು ವಾಪಸ್ ಬಂದು ಇಡೀ ಫೋಟೋ ತಂದು ಬೋರ್ಡಿಗೆ ಅಂಟಿಸ್ತೀರಿ. ಹೊಸದು ಮುಚ್ಚಿ ಹೋಯ್ತು. ಬಫರನ್ನ ಬೇರೆ ಜಾಗಕ್ಕೆ ಹಾಕ್ಬೇಕು. ಆ ಸಾಲಲ್ಲಿ ಬೇರೆ ಯಾರೂ ಇರಬಾರ್ದು."

"ಹತ್ತು ಮಿಲಿಸೆಕೆಂಡ್ ಡಿಲೇ ಹಾಕಿ."

"ಕಮ್ಮಿ ಆಗುತ್ತೆ. ಹೋಗಲ್ಲ."

"ಕಮ್ಮಿ ಆದ್ರೆ ಸಾಲ್ದಾ, ಗೈಕ್ ಸಿಮ್? ಬಫರ್ ಮುಟ್ಟಿದ್ರೆ ಪೂರ್ತಿ ಟೆಸ್ಟ್ ಮತ್ತೆ ಮಾಡ್ಬೇಕು. ಸೋಮವಾರ ಆಸ್ಪತ್ರೆ ಟ್ರಯಲ್ ಶುರು. ಡಿಲೇ ಅಂದ್ರೆ ಒಂದೇ ಸಾಲು ಕೋಡ್, ಯಾರೂ ಕೇಳಲ್ಲ."

ಇದು ಅವನ ಜಾಣತನ. ಇಷ್ಟೇ ಅವನ ಜಾಣತನ. ನಾನು ಹಾಕಲಾರೆ ಎಂದೆ. ಅವನೇ ಹಾಕಿದ. ಅದರಲ್ಲೂ ಒಂದು ಸ್ಪೆಲ್ಲಿಂಗ್ ತಪ್ಪು.

ಜುಲೈ 4, ಶುಕ್ರವಾರ

ಟೆಸ್ಟ್ ಪಾಸ್ ಎಂದು ಸುರಾಯಾ ಸೈನ್ ಮಾಡಿದ್ದಾಳೆ. ಸುರಾಯಾ!

ನಾಸಿ ಕಂದಾರ್ ಊಟದಂಗಡಿಯಲ್ಲಿ ಅನ್ನ, ಮೀನು ಸಾರು ಮುಂದಿಟ್ಟುಕೊಂಡೇ ಕೇಳಿದೆ.

"ಹಳೇ ನಾಡಿ ಬರೋದನ್ನ ನೀನೇ ಕಣ್ಣಾರೆ ನೋಡಿದ್ದೆ ತಾನೇ?"

"ಡಿಲೇ ಹಾಕಿದ ಮೇಲೆ ಕಾಣಿಸ್ಲಿಲ್ಲ ಅಕ್ಕ."

"ಕಾಣಿಸ್ಲಿಲ್ಲವೋ, ನೋಡ್ಲಿಲ್ಲವೋ?"

ಅವಳು ಮೀನಿನ ಮುಳ್ಳು ಬಿಡಿಸುತ್ತಾ ಕೂತಳು. ಆಮೇಲೆ ಮೆಲ್ಲಗೆ, "ನಿಮ್ಗೇನಕ್ಕಾ. ನೀವು ಬೈದ್ರೂ ನಿಮ್ಮನ್ನ ಯಾರೂ ಮುಟ್ಟಲ್ಲ. ನಂದು ಕಾಂಟ್ರ್ಯಾಕ್ಟು."

"ಹೌದಮ್ಮಾ. ಬೆನ್ನುಮೂಳೆಗೂ ಕಾಂಟ್ರ್ಯಾಕ್ಟೇ."

ಕೈ ತೊಳೆದು ಎದ್ದು ಬಂದೆ. ಖೂ ದಡ್ಡ, ಅವನಿಂದ ನಿರೀಕ್ಷೆಯಿಲ್ಲ. ಇವಳಿಗೆ ಗೊತ್ತಿತ್ತು. ಗೊತ್ತಿದ್ದವರ ಹೇಡಿತನ ಇನ್ನೂ ಅಸಹ್ಯ.

ಜುಲೈ 9, ಬುಧವಾರ

ಟ್ರಯಲ್ "ಸುಗಮ" ಎಂದು ಖೂನ ಮೇಲ್. ಕೆಳಗೆ ಇಪ್ಪತ್ತು ಜನರ ಚಪ್ಪಾಳೆಯ ಚಿತ್ರ. ಸುರಾಯಾಳದ್ದೂ ಒಂದು. ಊಟ ಒಬ್ಬಳೇ ಮಾಡಿದೆ. ಹಾಯಾಗಿತ್ತು.

ಹಾಯಾಗೇನೂ ಇರಲಿಲ್ಲ.

ಜುಲೈ 22, ಮಂಗಳವಾರ



ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ಖೂ ನಮ್ಮಿಬ್ಬರನ್ನೂ ಕೋಣೆಗೆ ಕರೆದು ಸ್ಪೀಕರ್ ಹಾಕಿದ. ವಾರ್ಡಿನ ಸಿಸ್ಟರ್. ಮುದುಕರೊಬ್ಬರ ನಾಡಿ ಮೂವತ್ತಕ್ಕೆ ಇಳಿದಿದೆ. ಪರದೆಯಲ್ಲಿ 76. ಅಲಾರಂ ಹೊಡೆದಿಲ್ಲ. ಪಕ್ಕದ ಹಾಸಿಗೆಯವನು, "ತಾತನ ತುಟಿ ನೀಲಿ ಆಗಿದೆ" ಎಂದು ಕೂಗಿದ್ದಕ್ಕೆ ಬದುಕಿದರು. ಈಗ ಐಸಿಯುನಲ್ಲಿದ್ದಾರೆ.

ಖೂ ಗಂಟಲು ಸರಿಮಾಡಿಕೊಂಡ. "ಸಿಸ್ಟರ್, ತಂತಿ ಸರಿಯಾಗಿ ಹಾಕಿದ್ರಾ? ಕನೆಕ್ಟರ್ ಲೂಸ್ ಆದ್ರೆ…"

ನಾನು ವಾಕ್ಯ ಹುಡುಕುತ್ತಿದ್ದೆ. ಒಂದೇ ಏಟಿಗೆ ಅವನನ್ನು ಕೆಡವುವಂಥ ವಾಕ್ಯ. ಸಿಕ್ಕಿತ್ತು ಕೂಡ. ಹರಿತ ಮಾಡುತ್ತಿದ್ದೆ.

ಅಷ್ಟರಲ್ಲಿ ಸುರಾಯಾ ಫೋನಿನ ಕಡೆ ಬಗ್ಗಿದಳು.

"ಸಿಸ್ಟರ್, ತಂತಿ ಸರಿಯಾಗೇ ಇದೆ. ತಪ್ಪು ನಮ್ದು. ಟೆಸ್ಟ್ ಪಾಸ್ ಅಂತ ಸೈನ್ ಮಾಡಿದವಳು ನಾನೇ. ಆ ಮಾನಿಟರ್ ಎಲ್ಲಾ ಈಗಲೇ ತೆಗೀರಿ. ಹಳೇದು ಹಾಕಿ. ನಾನು ಲೈನಲ್ಲೇ ಇರ್ತೀನಿ."

ಖೂ ಫೋನಿಗೆ ಕೈಚಾಚಿದ. ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡಳು. ಒಂದೊಂದೇ ಹಾಸಿಗೆಯ ನಂಬರ್ ಕೇಳಿ, ಎಲ್ಲ ತೆಗೆದದ್ದು ಖಾತ್ರಿಯಾದ ಮೇಲೆಯೇ ಇಟ್ಟಳು.

ನನ್ನ ವಾಕ್ಯ ಬಾಯಲ್ಲೇ ಉಳಿಯಿತು. ಯಾರಿಗೂ ಬೇಕಾಗಿರಲಿಲ್ಲ.

ಜುಲೈ 23, ಬುಧವಾರ

ಸುರಾಯಾಳ ಕುರ್ಚಿ ಖಾಲಿ. "ತನಿಖೆ ಮುಗಿಯುವವರೆಗೆ" ಮನೆಯಲ್ಲಿರಬೇಕಂತೆ. ಖೂನ ಕುರ್ಚಿ ತುಂಬಿದೆ, ಎಂದಿನಂತೆ.

ಬಫರನ್ನು ಬೇರೆ ಮಾಡಿದೆ. ಅರ್ಧ ದಿನದ ಕೆಲಸ. ಪೆಟ್ಟಿಗೆಯಿಂದ ಏನು ಕಳಿಸಿದರೂ ಅದೇ ಬರುತ್ತಿದೆ. ಡಿಲೇ ತೆಗೆಯಲು ಹೋದರೆ ಖೂ ಬಿಡಲಿಲ್ಲ. "ಇರಲಿ, ಸೇಫ್ಟಿಗೆ."

ಸೇಫ್ಟಿಯಂತೆ! ಉಗಿಯಲೂ ನಾಚಿಕೆಯಾಗುತ್ತದೆ.

ಜುಲೈ 28, ಸೋಮವಾರ

ಮುದುಕರು ವಾರ್ಡಿಗೆ ಮರಳಿದ್ದಾರಂತೆ. ಗಂಜಿ ಕುಡಿದರಂತೆ.

ಖೂ ವರದಿ ತಂದ. ಕಾರಣ — "ಪರೀಕ್ಷಕಿಯ ಅಲಕ್ಷ್ಯ". ಕೆಳಗೆ ಸಹಿಗೆಂದು ನನ್ನ ಹೆಸರು ಟೈಪ್ ಮಾಡಿಟ್ಟಿದ್ದ.

"ಇದ್ರಲ್ಲಿ ನೀವೆಲ್ಲಿದ್ದೀರಿ, ಬೂನ್ ಕಿಯಾಟ್?"

"ನಾನ್ಯಾಕೆ?"

ನಿಜವಾಗಿಯೂ ಗೊತ್ತಿಲ್ಲದವನ ಮುಖ. ನಟನೆಯಲ್ಲ. ಅದೇ ಭಯಂಕರ.

ಹಿಂತಿರುಗಿಸಿದೆ. ಮೊದಲು ಕಂಡವಳು ಸುರಾಯಾ, ಕಾರಣ ಇಂಥದ್ದು, ತಿದ್ದಬೇಡಿ ಎಂದವರು ಖೂ, ಗೊತ್ತಿದ್ದೂ ಹೊರಗೆ ಬಾಯಿ ಬಿಡದವಳು ನಾನು — ಎಂದು ಬರೆದು ಆಸ್ಪತ್ರೆಗೆ ನೇರವಾಗಿ ಕಳಿಸಿದೆ. ಉಪಮೆ ಹಾಕಲಿಲ್ಲ. ವ್ಯಂಗ್ಯವೂ ಇಲ್ಲ. ಅಷ್ಟು ಬೋಳಾಗಿ ಬರೆದದ್ದು ಇದೇ ಮೊದಲು.

ಜುಲೈ 31, ಗುರುವಾರ. ಸಂಜೆ, ಕಾರಿನಲ್ಲಿ

ರೆಲಾವ್ ಬಡಾವಣೆ. ಸುರಾಯಾಳ ಫ್ಲಾಟಿನ ಕೆಳಗೆ. ಆಸ್ಪತ್ರೆಯವರು ಅವಳನ್ನೂ ಕರೆದು ಕೇಳುತ್ತಾರಂತೆ, ಖೂನನ್ನೂ, ನನ್ನನ್ನೂ. ಅದನ್ನು ಹೇಳಲು ಬಂದೆ. ಫೋನಲ್ಲೇ ಹೇಳಬಹುದಿತ್ತು.

ಕಸದ ಚೀಲ ಹಿಡಿದು ಇಳಿದು ಬಂದವಳು ಕಾರು ನೋಡಿ ಹತ್ತಿರ ಬಂದಳು. ಕಿಟಕಿ ಇಳಿಸಿದೆ.

"ಏನಕ್ಕಾ, ಬೈಯೋಕೆ ಇಲ್ಲೀವರೆಗೂ ಬಂದ್ರಾ?"

"ಇಲ್ಲ ಕಣೇ."

"ಮತ್ತೆ?"

ಬಾಯಿ ಬರಲಿಲ್ಲ. ಇಷ್ಟು ವರ್ಷ ಚಾಕುವಿನಂತಿದ್ದ ಬಾಯಿ. "ಒಂದ್ನಿಮಿಷ" ಎಂದೆ. ಕಸ ಹಾಕಿ ಬರುತ್ತೇನೆಂದು ಹೋಗಿದ್ದಾಳೆ. ಅಷ್ಟರಲ್ಲಿ ಇಲ್ಲಿ ಬರೆದು ನೋಡೋಣವೆಂದು — ಸುರಾಯಾ, ನಾನು ಆ ದಿನ ಅಂಗಡಿಯಲ್ಲಿ ನಿನಗೆ… ಬರುತ್ತಿದ್ದಾಳೆ. ಕೈ ಒರೆಸಿಕೊಳ್ಳುತ್ತಾ. ಇನ್ನೂ ಒಂದು ಪದವೂ