ಜರಡಿಯಲ್ಲಿ ಉಳಿದ ನೀಲಿ

ನವೆಂಬರ್ ೧೭, ಮಂಗಳವಾರ. ಹದಿನಾಲ್ಕನೆಯ ಮಾದರಿಯ ವರ್ಗೀಕರಣದಲ್ಲಿ ನಾನು ಮಾಡಿದ ತಪ್ಪನ್ನು ಇದ್ದದ್ದು ಇದ್ದಂತೆ ದಾಖಲಿಸುವುದೇ ಈ ಬರಹದ ಉದ್ದೇಶ.

ಅದು ಹೊಸದಾಗಿ ಕೊರೆಯುತ್ತಿರುವ ಸುರಂಗದ ದಾರಿಯಲ್ಲಿ, ನಮ್ಮ ಬೀದಿಯ ಕೆಳಗಿನಿಂದಲೇ ಕೊರೆದು ತೆಗೆದ ಪುಡಿ. ಅದರಲ್ಲಿ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಕಡಲಜೀವಿಗಳ ಮೂರು ಚಿಪ್ಪುಗಳು ಸಿಕ್ಕವು. ಮರಳಿನ ಕಣದಷ್ಟು ಸಣ್ಣವು, ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಕಾಲದೊಂದಿಗೇ ಅಳಿದುಹೋದ ಜಾತಿಯವು. ಆದ್ದರಿಂದ ಅಲ್ಲಿರುವುದು ಆ ಕಾಲದ ಗಟ್ಟಿ ಸುಣ್ಣಕಲ್ಲು ಎಂದು ಬರೆದುಕೊಟ್ಟೆ. ತರಗತಿಗೇ ಮೊದಲಿಗಳಾದವಳ ಮಾತನ್ನು ಯಾರೂ ಮರುಪರಿಶೀಲಿಸಲಿಲ್ಲ.

ಇಂದು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದೆ. ಮೂರರ ಅಂಚೂ ನೀಲಿ. ಒಂದು ಮಾದರಿ ಮುಗಿದೊಡನೆ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದುತ್ತೇವೆ; ಹಳೆಯ ಚಿಪ್ಪೇನಾದರೂ ಅಂಟಿಕೊಂಡಿದ್ದರೆ ನೀಲಿಯಾಗಿ ಸಿಕ್ಕಿಬೀಳಲಿ ಎಂದು. ಇವು ಹದಿಮೂರನೆಯ ಮಾದರಿಯವು. ಹದಿನಾಲ್ಕರಲ್ಲಿರುವುದು ನೀರು ಕುಡಿದು ಉಬ್ಬುವ, ಕೊರೆದರೆ ಕುಸಿಯಬಲ್ಲ ಜೇಡಿಮಣ್ಣು ಮಾತ್ರ. ಮೊದಲ ಸಲವೂ ಆ ನೀಲಿಯನ್ನು ಕಂಡಿದ್ದೆ. ದೀಪದ ಛಾಯೆ ಎಂದುಕೊಂಡೆ. ನಾನು ತಪ್ಪಬಹುದೆಂದು ತೋಚಲೇ ಇಲ್ಲ.

ಮಾರ್ಗದರ್ಶಕರಿಗೆ ಹೇಳಿದೆ. ನಕ್ಕರು.

“ನೀಲಿ ಗೀಲಿ ಅಂತ ಈಗ ರಾಗ ತೆಗೀಬೇಡಮ್ಮ. ಕೊರೆಯೋ ಯಂತ್ರ ಹದಿಮೂರನೇ ಜಾಗ ದಾಟಿ ಆಯ್ತು. ನಾಳೆ ಹತ್ತಕ್ಕೆ ಬಂದು ಅಂತಿಮ ವರದಿಗೆ ಸಹಿ ಹಾಕು. ಮೊದಲ ರ‍್ಯಾಂಕಿನವಳಿಗೂ ಕೈ ನಡುಗುತ್ತಾ?”

ಊಟಕ್ಕೆ ಕುಳಿತಾಗ ಅಮ್ಮ ಕರೆದಳು. “ಇಲ್ನೋಡೇ, ಲೋಟದ ನೀರು ತಾನಾಗೇ ಕುಣೀತಿದೆ! ನೆಲದೊಳಗೆ ಯಾರೋ ಬೀಸೋ ಕಲ್ಲು ತಿರುಗಿಸ್ತಿದ್ದಾರೆ ಕಣೇ.”

ಅಜ್ಜಿ ನಕ್ಕಳು. ನಾನು ತಟ್ಟೆ ಬಿಟ್ಟು ಎದ್ದು ಮನೆಯ ಗೋಡೆಗಳನ್ನು ನೋಡುತ್ತ ಹೋದೆ.

ಅಜ್ಜಿ ಮಲಗುವ ಕೋಣೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ನಿನ್ನೆ ಅದು ಇರಲಿಲ್ಲ. ಬೆರಳಿಟ್ಟರೆ ಗೋಡೆ ಸಣ್ಣಗೆ ಗುನುಗುತ್ತದೆ, ಈ ಮೇಜಿನಂತೆಯೇ, ಈ ಲೇಖನಿಯಂತೆಯೇ…

ನಾಳೆ ನಾನು ಸಹಿ ಹಾಕುವುದಿಲ್ಲ.